ಮಂಡಿ ಎಕ್ಸ್‌ರೇ ಕೈಗೆ ಬಂತು, ಅದರಲ್ಲಿ ಏನು ನೋಡ್ಬೇಕು?

ಎಕ್ಸ್‌ರೇ ರೂಮಲ್ಲಿ ಕೆಲಸ ಮಾಡೋನು ನಾನು, ಡಾಕ್ಟರ್ ಅಲ್ಲ. ಫಿಲ್ಮ್ ಕೈಗೆ ಕೊಟ್ಟ ತಕ್ಷಣ ಎಲ್ಲರೂ ಕೇಳೋದು ಒಂದೇ, "ಸಾರ್ ತುಂಬಾ ಸವೆದಿದೆಯಾ?" ಅದಕ್ಕೆ ಉತ್ತರ ಹೇಳೋ ಅಧಿಕಾರ ನಮಗಿಲ್ಲ, ಆದ್ರೆ ಫಿಲ್ಮ್ ಹೆಂಗೆ ನೋಡೋದು ಅಂತ ಹೇಳಿಕೊಡಬಹುದಲ್ಲ, ಅದನ್ನೇ ಇಲ್ಲಿ ಬರೀತಿದೀನಿ.

ನೋಡೋಕಿಂತ ಮುಂಚೆ ತೆಗೆಸೋದು ಸರಿ ಇರ್ಬೇಕು. ಮಂಡಿ ಸವೆತಕ್ಕೆ ಎಕ್ಸ್‌ರೇ ಅಂದ್ರೆ ನಿಂತು, ಎರಡೂ ಮಂಡಿ ಸೇರಿಸಿ ತೆಗೀಬೇಕು. ಯಾಕಂದ್ರೆ ಸವೆಯೋದು ಮೂಳೆ ತುದಿ ಮೇಲಿನ ಕಾರ್ಟಿಲೇಜು, ಅದು ಎಕ್ಸ್‌ರೇಲಿ ಕಾಣೋದೇ ಇಲ್ಲ, ಎರಡು ಮೂಳೆ ಮಧ್ಯೆ ಕಪ್ಪಗೆ ಗ್ಯಾಪ್ ಥರ ಕಾಣೋ ಜಾಗದಲ್ಲೇ ಅದು ಮತ್ತೆ ಮೆನಿಸ್ಕಸ್ (ಮೂಳೆಗಳ ಮಧ್ಯೆ ಮೆತ್ತೆ ಥರ ಇರೋ ಪದರ) ಇರೋದು. ಮಲಗಿಸಿ ತೆಗೆದ್ರೆ ಮೈ ಭಾರ ಬೀಳಲ್ಲ, ಸವೆದಿರೋ ಮಂಡಿಲೂ ಗ್ಯಾಪ್ ಚೆನ್ನಾಗೇ ಕಾಣಬಹುದು. ಚೀಟೀಲಿ ಬರೆದಿಲ್ಲ ಅಂದ್ರೆ "ನಿಂತು ತೆಗೀಬೇಕಾ" ಅಂತ ನೀವೇ ಕೇಳಿ, ಯಾರೂ ಬೇಜಾರು ಮಾಡ್ಕೊಳಲ್ಲ. ನೀ ಕ್ಯಾಪು, ಬ್ಯಾಂಡೇಜು, ನೋವಿಗೆ ಅಂಟಿಸಿರೋ ಪಟ್ಟಿ ಎಲ್ಲ ಮೊದ್ಲೇ ಬಿಚ್ಚಿಡಿ. ಇನ್ನೊಂದು ವಿಷಯ ನಾವು ದಿನಾ ನೋಡೋದು, ಅಜ್ಜಿಯರು ಸ್ಟ್ಯಾಂಡ್ ಗಟ್ಟಿಯಾಗಿ ಹಿಡ್ಕೊಂಡು ನೋವಿರೋ ಕಾಲನ್ನ ಸುಮ್ನೆ ನೆಲಕ್ಕೆ ತಾಗಿಸಿ ಇಡ್ತಾರೆ, ಪೂರ್ತಿ ಭಾರ ಒಳ್ಳೆ ಕಾಲ ಮೇಲೆ, ಆಗ ನಿಂತು ತೆಗೆದೂ ಪ್ರಯೋಜನ ಇಲ್ಲ. ಒಂದು ಕ್ಷಣ ಎರಡೂ ಕಾಲ ಮೇಲೆ ಸಮ ಭಾರ ಹಾಕೋಕೆ ಹೇಳಿ. ಮೆಟ್ಟಿಲು ಇಳಿವಾಗ, ಕುಕ್ಕರುಗಾಲಲ್ಲಿ ಕೂತಾಗ ಮಂಡಿ ಮುಂಭಾಗದಲ್ಲಿ ನೋವು ಅಂದ್ರೆ ಚಿಪ್ಪಿಗೆ ಬೇರೆ ಆಂಗಲ್ ಇದೆ, ಸ್ಕೈಲೈನ್ ವ್ಯೂ ಅಂತಾರೆ, ಬೇಕಾ ಅಂತ ಡಾಕ್ಟರನ್ನ ಕೇಳಿ.

ಈಗ ಫಿಲ್ಮು. ಟ್ಯೂಬ್‌ಲೈಟಿಗೆ ಹಿಡೀಬೇಡಿ, ಲ್ಯಾಪ್‌ಟಾಪಲ್ಲಿ ಖಾಲಿ ಬಿಳಿ ಪೇಜ್ ತೆಗೆದು ಅದರ ಮುಂದೆ ಹಿಡೀರಿ. ಕೆಳಗಡೆ ಎರಡು ಮೂಳೆ ಕಾಣತ್ತೆ, ಒಂದು ದಪ್ಪ, ಪಕ್ಕದಲ್ಲೊಂದು ಸಣ್ಣ. ಆ ಸಣ್ಣ ಮೂಳೆ ಇರೋದು ಕಾಲಿನ ಹೊರಗಡೆ, ಅದರ ಎದುರು ಬದಿ ಒಳಗಡೆ. ಇಷ್ಟು ಗೊತ್ತಾದ್ರೆ ಅರ್ಧ ಕೆಲಸ ಆಯ್ತು. ಒಳಗಡೆ ಗ್ಯಾಪು, ಹೊರಗಡೆ ಗ್ಯಾಪು ಎರಡನ್ನೂ ಹೋಲಿಸಿ, ಆಮೇಲೆ ಇನ್ನೊಂದು ಮಂಡಿ ಜೊತೆ ಹೋಲಿಸಿ. ಸಾಮಾನ್ಯವಾಗಿ ಒಳಗಡೆನೇ ಮೊದ್ಲು ಕಮ್ಮಿ ಆಗೋದು, ಪೂರ್ತಿ ಹೋದಾಗ ಮೂಳೆಗೆ ಮೂಳೆ ತಾಗಿದ ಹಾಗೆ ಕಾಣತ್ತೆ, ಕಾಲು ಬಿಲ್ಲಿನ ಥರ ಹೊರಗೆ ಬಾಗೋದೂ ಇದರಿಂದಾನೇ.

ಆಮೇಲೆ ಅಂಚು ನೋಡಿ. ಮೂಳೆ ಅಂಚು ದುಂಡಗೆ ನುಣ್ಣಗೆ ಇರ್ಬೇಕು, ಅಲ್ಲಿ ಚೂಪಾಗಿ ಹೊರಗೆ ಚಾಚಿದ್ರೆ ಅದೇ ಆಸ್ಟಿಯೋಫೈಟ್. "ಮೂಳೆ ಬೆಳೆದಿದೆಯಂತೆ, ಕೆರೆಸಿಬಿಡೋಣ್ವಾ" ಅಂತ ಕೇಳೋರು ತುಂಬಾ ಜನ. ಕೀಲು ಹಾಳಾದಾಗ ಅಂಚಲ್ಲಿ ಹೊಸದಾಗಿ ಕಾರ್ಟಿಲೇಜ್ ಬೆಳೆದು ಅದೇ ಮೂಳೆ ಆಗತ್ತೆ, ಅಂದ್ರೆ ಅದು ಸವೆತದ ಗುರುತು, ಅದನ್ನ ಕೆರೆದು ತೆಗೆದ ಮಾತ್ರಕ್ಕೆ ಸವೆತ ಹೋಗಲ್ಲ. ಕೆಳಗಿನ ದಪ್ಪ ಮೂಳೆ ತುದಿಯ ಮಧ್ಯದಲ್ಲಿರೋ ಎರಡು ಗುಬುಟು ಸ್ವಲ್ಪ ಚೂಪಾಗಿದೆ ಅಂತ ಅಷ್ಟೇ ರಿಪೋರ್ಟಲ್ಲಿ ಬರೆದಿದ್ರೆ ಅದಕ್ಕೆ ನಿದ್ದೆಗೆಡೋದು ಬೇಡ.

ಗ್ಯಾಪ್ ಕಮ್ಮಿ ಆಗಿರೋ ಕಡೆ ಮೂಳೆ ಮೇಲ್ಮೈ ಪಕ್ಕದ ಜಾಗಕ್ಕಿಂತ ಜಾಸ್ತಿ ಬಿಳಿ ಕಾಣತ್ತಾ ನೋಡಿ. ಭಾರ ನೇರವಾಗಿ ಬಿದ್ದೂ ಬಿದ್ದೂ ಅಲ್ಲಿ ಮೂಳೆ ಗಟ್ಟಿಯಾಗಿರತ್ತೆ, ರಿಪೋರ್ಟಲ್ಲಿ ಸ್ಕ್ಲಿರೋಸಿಸ್ ಅಂತ ಬರೀತಾರೆ. ಅದರೊಳಗೆ ಬಿಳಿ ಅಂಚಿರೋ ಸಣ್ಣ ಕಪ್ಪು ಗುಂಡಿ ಇದ್ರೆ ಸಿಸ್ಟ್. ಸಿಸ್ಟ್ ಅಂದ ತಕ್ಷಣ ಗಡ್ಡೆ ಅಂದ್ಕೊಂಡು ಹೆದರ್ತಾರೆ ಪಾಪ, ಸವೆದ ಕೀಲಲ್ಲಿ ಇದು ಮಾಮೂಲಿ.

ರಿಪೋರ್ಟ್ ಕೊನೇಲಿ ಗ್ರೇಡ್ 2, ಗ್ರೇಡ್ 3 ಅಂತಿರತ್ತಲ್ಲ, ಅದು ಕೆಲ್ಗ್ರೆನ್ ಮತ್ತೆ ಲಾರೆನ್ಸ್ ಅನ್ನೋ ಇಬ್ರು 1957ರಲ್ಲಿ ಬ್ರಿಟನ್ನಲ್ಲಿ ಮಾಡಿದ ಲೆಕ್ಕ, 0ಯಿಂದ 4ರವರೆಗೆ. 1 ಅಂದ್ರೆ ಅನುಮಾನ ಅಷ್ಟೆ, 2 ಅಂದ್ರೆ ಆಸ್ಟಿಯೋಫೈಟ್ ಖಚಿತ, ಗ್ಯಾಪ್ ಕಮ್ಮಿ ಆಗಿರಬಹುದು, 3ರಲ್ಲಿ ಗ್ಯಾಪ್ ಕಮ್ಮಿ ಆಗಿರೋದು ಸ್ಪಷ್ಟ, 4ರಲ್ಲಿ ಗ್ಯಾಪ್ ಹೆಚ್ಚುಕಮ್ಮಿ ಹೋಗಿ ಮೂಳೆ ಆಕಾರನೂ ಕೆಟ್ಟಿರತ್ತೆ. ಇದು ಫಿಲ್ಮಿನ ಗ್ರೇಡು, ನೋವಿಂದಲ್ಲ. ಗ್ರೇಡ್ 4 ಇಟ್ಕೊಂಡು ತೋಟಕ್ಕೆ ಹೋಗಿ ಬರೋರಿದಾರೆ, ಗ್ರೇಡ್ 2ಕ್ಕೇ ಏಳೋಕಾಗದೆ ಗೋಡೆ ಹಿಡಿಯೋರೂ ಇದಾರೆ. ಗ್ರೇಡ್ ನೋಡಿ ಆಪರೇಷನ್ ತೀರ್ಮಾನ ಮಾಡ್ಬೇಡಿ, ಎಷ್ಟು ನಡೀತಾರೆ, ರಾತ್ರಿ ನಿದ್ದೆ ಬರತ್ತಾ, ಬಾತ್‌ರೂಮಿಗೆ ಒಬ್ರೇ ಹೋಗ್ತಾರಾ ಅನ್ನೋದನ್ನ ಡಾಕ್ಟರಿಗೆ ಹೇಳಿ.

ಎಂಆರ್‌ಐ ಮಾಡಿಸೋಣ್ವಾ ಅಂದ್ರೆ, ಎಕ್ಸ್‌ರೇಲೇ ಇಷ್ಟೆಲ್ಲ ಕಂಡ್ಮೇಲೆ ಬಹಳ ಸಲ ಬೇಕಾಗಲ್ಲ. ಎಂಆರ್‌ಐಲಿ ಕಾರ್ಟಿಲೇಜೂ ಕಾಣತ್ತೆ, ಮೂಳೆ ಒಳಗಿನ ಮಜ್ಜೆಯಲ್ಲಿ ಆಗಿರೋ ಬದಲಾವಣೆನೂ ಕಾಣತ್ತೆ ನಿಜ, ಆದ್ರೆ ಬೇಡದ್ದೂ ಕಾಣತ್ತೆ. ಅಮೆರಿಕದ ಫ್ರೇಮಿಂಗ್‌ಹ್ಯಾಮಲ್ಲಿ 50ರಿಂದ 90 ವಯಸ್ಸಿನ 991 ಜನಕ್ಕೆ ಎಂಆರ್‌ಐ ಮಾಡಿ 2008ರಲ್ಲಿ ಬರೆದ್ರು, ಮೆನಿಸ್ಕಸ್ ಹರಿದಿದ್ದೋರಲ್ಲಿ ಶೇಕಡಾ 61 ಜನಕ್ಕೆ ಹಿಂದಿನ ಒಂದು ತಿಂಗಳು ಮಂಡಿ ನೋವೇ ಇರ್ಲಿಲ್ಲ. ಬಿದ್ದು ಪೆಟ್ಟಾಗಿದೆ, ಮಂಡಿ ಮಧ್ಯದಲ್ಲಿ ಲಾಕ್ ಆಗತ್ತೆ, ಎಕ್ಸ್‌ರೇ ಚೆನ್ನಾಗಿದ್ರೂ ಇದ್ದಕ್ಕಿದ್ದ ಹಾಗೆ ಕಾಲೂರೋಕೆ ಆಗ್ತಿಲ್ಲ ಅಂದ್ರೆ ಅದರ ಮಾತು ಬೇರೆ. ಡೆಕ್ಸಾ ಸ್ಕ್ಯಾನ್ ಅಂತೂ ಇದಕ್ಕೆ ಸಂಬಂಧನೇ ಇಲ್ಲ, ಅದು ಮೂಳೆ ಸಾಂದ್ರತೆ ನೋಡೋಕೆ, ಮೂಳೆ ಟೊಳ್ಳಾಗೋ ಕಾಯಿಲೆಗೆ.

ಅಸಲಿಗೆ ಚಿಕಿತ್ಸೆ ಹೆಂಗಿರ್ಬೇಕು ಅಂತ ಡಾಕ್ಟರಿಗೆ ಸಲಹೆ ಕೊಡೋ ಬ್ರಿಟನ್ನಿನ ನೈಸ್ ಸಂಸ್ಥೆ ಗೈಡ್‌ಲೈನ್ ಪ್ರಕಾರ 45 ದಾಟಿದೋರಿಗೆ, ಓಡಾಡಿದಾಗ ನೋವು, ಬೆಳಿಗ್ಗೆ ಬಿಗಿತ ಇಲ್ಲ ಅಥವಾ ಅರ್ಧ ಗಂಟೆ ಒಳಗೇ ಹೋಗತ್ತೆ ಅಂದ್ರೆ ಎಕ್ಸ್‌ರೇ ಇಲ್ದೇನೇ ಇದು ಸವೆತ ಅಂತ ಹೇಳಬಹುದು. ಬಿಗಿತ ಗಂಟೆಗಟ್ಟಲೆ ಇದ್ದು, ಫಿಲ್ಮಲ್ಲಿ ಎರಡೂ ಕಡೆ ಗ್ಯಾಪ್ ಸಮವಾಗಿ ಕಮ್ಮಿ ಆಗಿ ಅಂಚು ತಿಂದ ಹಾಗಿದ್ರೆ ರುಮಟಾಯ್ಡ್ (ದೇಹದ ರೋಗನಿರೋಧಕ ಶಕ್ತಿನೇ ಕೀಲಿನ ಮೇಲೆ ತಿರುಗಿ ಬೀಳೋ ವಾತ) ಥರದ್ದು ಇರಬಹುದು, ಅದಕ್ಕೆ ಔಷಧಿನೇ ಬೇರೆ. ಮಂಡಿ ಕೆಂಪಗೆ ಬಿಸಿಯಾಗಿ ಊದಿ ಜ್ವರ ಇದ್ರೆ ಫಿಲ್ಮು ಗ್ಯಾಪು ಎಲ್ಲ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.

ಹಳೇ ಫಿಲ್ಮ್ ಮಾತ್ರ ಎಸೀಬೇಡಿ, ಮಡಚಲೂ ಬೇಡಿ. ಸಿಡಿ ಕೊಡ್ತಾರಾ ಕೇಳಿ ಇಸ್ಕೊಳ್ಳಿ, ಎರಡು ವರ್ಷ ಬಿಟ್ಟು ಮತ್ತೆ ತೆಗೆಸಿದಾಗ ಹಿಂದಿನ ಥರಾನೇ ನಿಂತು ತೆಗೆಸಿದ್ರೆ ಎಷ್ಟು ಹೆಚ್ಚಾಗಿದೆ ಅಂತ ಡಾಕ್ಟರಿಗೆ ಪಕ್ಕಪಕ್ಕ ಇಟ್ಟು ನೋಡೋಕಾಗತ್ತೆ.