ಕ್ಯಾಲಿಫೋರ್ನಿಯಾದಲ್ಲಿ ಕಟ್ಟಡ ಕೆಲಸದ ಬಾಕಿಗೆ ಲೀನ್ ಹಾಕುವ ಕ್ರಮ

ಕಟ್ಟಡದ ಕೆಲಸದಲ್ಲಿ ಹಣ ಮೇಲಿನಿಂದ ಕೆಳಕ್ಕೆ ಇಳಿದು ಬರುತ್ತದೆ. ಮಾಲೀಕರು ಮುಖ್ಯ ಗುತ್ತಿಗೆದಾರನಿಗೆ ಕೊಡುತ್ತಾರೆ, ಅವನು ಉಪಗುತ್ತಿಗೆದಾರನಿಗೆ, ಅವನು ಟೈಲ್ಸ್ ಅಂಗಡಿಗೆ. ನಡುವೆ ಒಬ್ಬ ಕೈಯೆತ್ತಿದರೆ ಅವನಿಗಿಂತ ಕೆಳಗಿನವರ ಬಾಕಿಯೆಲ್ಲ ಹಾಗೆಯೇ ನಿಲ್ಲುತ್ತದೆ. ಮಾಲೀಕರ ಜೊತೆ ಅವರಿಗೆ ಕರಾರು ಇಲ್ಲದಿರುವುದರಿಂದ ನೇರವಾಗಿ ಕೇಳುವುದಕ್ಕೂ ದಾರಿಯಿಲ್ಲ. ಈ ತೊಡಕಿಗೆ ಅಮೆರಿಕದ ಕಾನೂನು ಕಂಡುಕೊಂಡ ಪರಿಹಾರ ಮೆಕ್ಯಾನಿಕ್ಸ್ ಲೀನ್: ಯಾರ ದುಡಿಮೆ ಅಥವಾ ಸಾಮಗ್ರಿ ಕಟ್ಟಡದೊಳಗೆ ಸೇರಿದೆಯೋ ಅವರ ಬಾಕಿ ಆ ಆಸ್ತಿಯ ಮೇಲೆಯೇ ಋಣವಾಗಿ ಕೂರುತ್ತದೆ. ವಾಷಿಂಗ್ಟನ್ ನಗರವನ್ನು ಕಟ್ಟುವ ಕಾಲದಲ್ಲಿ, 1791ರಲ್ಲಿ, ಮೇರಿಲ್ಯಾಂಡ್ ಇಂಥ ಕಾನೂನನ್ನು ಮೊದಲಿಗೆ ತಂದಿತು. ಕ್ಯಾಲಿಫೋರ್ನಿಯಾದಲ್ಲಿ ಈ ಹಕ್ಕು ರಾಜ್ಯದ ಸಂವಿಧಾನದಲ್ಲಿಯೇ, 14ನೇ ವಿಧಿಯ 3ನೇ ಸೆಕ್ಷನ್ನಿನಲ್ಲಿ ಇದೆ. ವಿಧಾನದ ವಿವರಗಳು ಸಿವಿಲ್ ಕೋಡಿನ 8000ನೇ ಸೆಕ್ಷನ್ನಿನಿಂದ ಮುಂದೆ ಬರುತ್ತವೆ.

ಕರ್ನಾಟಕದಿಂದ ಹೋಗಿ ಅಲ್ಲಿ ಮನೆ ಕಟ್ಟಿಸುವವರಿಗೂ ವ್ಯಾಪಾರ ಮಾಡುವವರಿಗೂ ಇದು ಹೊಸದಾಗಿ ಕಾಣುವುದು ಸಹಜ. ಭಾರತದ 1930ರ ಸರಕು ಮಾರಾಟ ಕಾಯಿದೆಯಲ್ಲಿ ಹಣ ಬಾರದ ಮಾರಾಟಗಾರನಿಗೆ ಲೀನ್ ಇರುವುದು ಸರಕು ಅವನ ವಶದಲ್ಲಿರುವ ತನಕ ಮಾತ್ರ. ಸಿಮೆಂಟು ನಿವೇಶನದಲ್ಲಿ ಇಳಿದ ಮೇಲೆ ಆ ಹಿಡಿತ ತಪ್ಪುತ್ತದೆ. ಕ್ಯಾಲಿಫೋರ್ನಿಯಾದ ಲೀನ್ ಹಾಗಲ್ಲ. ನಮ್ಮಲ್ಲಿ ಇ.ಸಿ. ತೆಗೆಸಿದಾಗ ಅಡಮಾನ ಕಾಣುವಂತೆ ಅದು ಆಸ್ತಿಯ ದಾಖಲೆಯಲ್ಲಿ ಕಾಣುತ್ತದೆ, ಮಾರಲು ಹೋದರೂ ಮರುಸಾಲಕ್ಕೆ ಹೋದರೂ ಅಡ್ಡ ಬರುತ್ತದೆ.

ಮೊದಲು ನೋಡಬೇಕಾದದ್ದು ಲೈಸೆನ್ಸು. ಲೈಸೆನ್ಸ್ ಬೇಕಾದ ಕೆಲಸವನ್ನು ಅದಿಲ್ಲದೆ ಮಾಡಿದ ಗುತ್ತಿಗೆದಾರನಿಗೆ ಲೀನ್ ಹಾಗಿರಲಿ, ಕೂಲಿಗಾಗಿ ದಾವೆ ಹೂಡುವ ಹಕ್ಕೂ ಇಲ್ಲ. ಈಗಾಗಲೇ ಪಡೆದ ಹಣವನ್ನು ಮಾಲೀಕರು ಮರಳಿ ವಸೂಲು ಮಾಡಲೂಬಹುದು. ಸಾಮಗ್ರಿಯನ್ನು ಬರಿದೆ ಪೂರೈಸುವ ಅಂಗಡಿಗೆ ಈ ನಿಬಂಧನೆ ಇಲ್ಲ.

ಇನ್ನು ಪ್ರಿಲಿಮಿನರಿ ನೋಟಿಸ್, ಎಂದರೆ ಈ ಕಟ್ಟಡಕ್ಕೆ ಕೆಲಸ ಅಥವಾ ಸರಕು ಒದಗಿಸುತ್ತಿದ್ದೇನೆ ಎಂಬ ಮುನ್ಸೂಚನೆ. ಲೀನ್ ಕಳೆದುಕೊಳ್ಳುವ ಉಪಗುತ್ತಿಗೆದಾರರೂ ಪೂರೈಕೆದಾರರೂ ಎಡವುವುದು ಕೊನೆಯಲ್ಲಿ ಎಂದು ತೋರಿದರೂ ನಿಜವಾಗಿ ಎಡವಿರುವುದು ಇಲ್ಲಿ, ಬಾಕಿಯ ಮಾತೇ ಏಳದ ಮೊದಲ ವಾರಗಳಲ್ಲಿ. ಮೊದಲ ಬಾರಿ ಕೆಲಸ ಮಾಡಿದ ಅಥವಾ ಸರಕು ಒದಗಿಸಿದ ದಿನದಿಂದ 20 ದಿನಗಳೊಳಗೆ ಮಾಲೀಕರಿಗೆ, ಮುಖ್ಯ ಗುತ್ತಿಗೆದಾರನಿಗೆ, ನಿರ್ಮಾಣಕ್ಕೆ ಸಾಲ ಕೊಟ್ಟ ಬ್ಯಾಂಕ್ ಇದ್ದರೆ ಅದಕ್ಕೂ ಈ ನೋಟಿಸ್ ಕೊಡಬೇಕು. ಟೈಲ್ಸಿನ ಮೊದಲ ಲೋಡು ಮಾರ್ಚ್ 3ಕ್ಕೆ ಇಳಿದಿದೆ ಎಂದುಕೊಳ್ಳೋಣ. ಮಾರ್ಚ್ 23ರೊಳಗೆ ಕಳುಹಿಸಿದರೆ ಇಡೀ ಪೂರೈಕೆಗೆ ರಕ್ಷಣೆ ಸಿಗುತ್ತದೆ. ಏಪ್ರಿಲ್ 15ಕ್ಕೆ ಕಳುಹಿಸಿದರೆ ಹಕ್ಕು ಪೂರ್ತಿ ಹೋಗುವುದಿಲ್ಲ, ಆದರೆ ಅದಕ್ಕೆ ಹಿಂದಿನ 20 ದಿನ, ಎಂದರೆ ಮಾರ್ಚ್ 26ರಿಂದ ಈಚೆಗೆ ಕೊಟ್ಟ ಸರಕಿಗಷ್ಟೇ ಅದು ಉಳಿಯುತ್ತದೆ. ನಿವೇಶನದ ವಿವರ, ಕೆಲಸದ ಸ್ವರೂಪ, ಯಾರ ಆದೇಶದ ಮೇಲೆ ಒದಗಿಸಲಾಗುತ್ತಿದೆ, ಒಟ್ಟು ಬೆಲೆಯ ಅಂದಾಜು ಎಷ್ಟು ಎಂಬುದು ಅದರಲ್ಲಿ ಇರಬೇಕು. ಸರ್ಟಿಫೈಡ್ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ ರಸೀದಿಯನ್ನು ಕಡತದಲ್ಲಿಡಿ. ಸಾದಾ ಇಮೇಲನ್ನು ನಂಬಿ ಕೂರಬೇಡಿ. ಮಾಲೀಕರೊಂದಿಗೆ ನೇರ ಕರಾರು ಇರುವ ಮುಖ್ಯ ಗುತ್ತಿಗೆದಾರ ಸಾಲ ಕೊಟ್ಟ ಬ್ಯಾಂಕಿಗೆ ಮಾತ್ರ ಕೊಟ್ಟರೆ ಸಾಕು. ದಿನಗೂಲಿಗೆ ದುಡಿದ ಕಾರ್ಮಿಕರಿಗೆ ಈ ನೋಟಿಸೇ ಬೇಕಿಲ್ಲ. ಹೊಸ ಗಿರಾಕಿಗೆ ಮೊದಲ ವಾರದಲ್ಲಿಯೇ ಇಂಥ ಕಾಗದ ಕಳುಹಿಸಿದರೆ ಅಪನಂಬಿಕೆ ತೋರಿಸಿದಂತಾಗುತ್ತದೆ ಎಂಬ ಸಂಕೋಚ ಕೆಲವರಿಗಿರುತ್ತದೆ. ಅದು ಅನಗತ್ಯ: ಅಲ್ಲಿನ ಕಟ್ಟಡ ವ್ಯವಹಾರದಲ್ಲಿ ಈ ನೋಟಿಸ್ ದಿನನಿತ್ಯದ ಕಾಗದ, ಮತ್ತು ತಮಗೆ ಗೊತ್ತಿಲ್ಲದೆ ಯಾರೆಲ್ಲ ಕೆಲಸ ಮಾಡುತ್ತಿದ್ದಾರೆ ಎಂಬುದು ಮಾಲೀಕರಿಗೆ ತಿಳಿಯುವುದು ಅದರಿಂದಲೇ.

ಕಂತು ಬರುವಾಗಲೆಲ್ಲ ವೇವರ್‌ಗೆ, ಎಂದರೆ ಲೀನ್ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ, ಸಹಿ ಕೇಳುತ್ತಾರೆ. ಕಾನೂನು ಇದಕ್ಕೆ ನಾಲ್ಕು ನಮೂನೆಗಳನ್ನು ಗೊತ್ತುಮಾಡಿದೆ: ನಡುವಿನ ಕಂತಿಗೆ ಎರಡು, ಕೊನೆಯ ಕಂತಿಗೆ ಎರಡು, ಪ್ರತಿ ಜೋಡಿಯಲ್ಲಿ ಒಂದು ಷರತ್ತಿನದು, ಇನ್ನೊಂದು ಷರತ್ತಿಲ್ಲದ್ದು. ಷರತ್ತಿನ ಪತ್ರ ಜಾರಿಗೆ ಬರುವುದು ಹಣ ನಿಜವಾಗಿ ಸಂದಾಯವಾದಾಗ ಮಾತ್ರ. ಷರತ್ತಿಲ್ಲದ ಪತ್ರಕ್ಕೆ ಸಹಿ ಬಿದ್ದರೆ, ಹಣ ಬಾರದಿದ್ದರೂ ಹಕ್ಕು ಹೋದಂತೆಯೇ. ಹಾಗೆಂದು ಆ ನಮೂನೆಯ ಮೇಲೆಯೇ ಎಚ್ಚರಿಕೆ ಅಚ್ಚಾಗಿರುತ್ತದೆ. ಚೆಕ್ ಪಾಸಾಗುವ ತನಕ ಅದಕ್ಕೆ ಸಹಿ ಹಾಕಬೇಡಿ.

ಬಾಕಿ ಉಳಿದೇಬಿಟ್ಟರೆ ದಿನಗಳ ಲೆಕ್ಕ ಶುರುವಾಗುವುದು ಇಡೀ ಕಾಮಗಾರಿ ಮುಗಿದ ದಿನದಿಂದ. ಸಾಮಾನ್ಯವಾಗಿ 90 ದಿನಗಳ ಅವಧಿ ಇರುತ್ತದೆ. ಆದರೆ ಕೆಲಸ ಮುಗಿದ 15 ದಿನಗಳೊಳಗೆ ಮಾಲೀಕರು ನೋಟಿಸ್ ಆಫ್ ಕಂಪ್ಲೀಷನ್, ಎಂದರೆ ಕೆಲಸ ಮುಗಿಯಿತು ಎಂಬ ಸೂಚನೆ, ನೋಂದಾಯಿಸಿದರೆ, ಆ ನೋಂದಣಿಯಿಂದ ಮುಖ್ಯ ಗುತ್ತಿಗೆದಾರನಿಗೆ 60 ದಿನ, ಉಳಿದವರಿಗೆ 30 ದಿನ ಮಾತ್ರ. ಜೂನ್ 30ಕ್ಕೆ ಕೆಲಸ ಮುಗಿದು ಜುಲೈ 10ಕ್ಕೆ ನೋಂದಣಿಯಾಯಿತು ಎಂದರೆ ಟೈಲ್ಸ್ ಅಂಗಡಿಯ ಕೊನೆಯ ದಿನ ಸೆಪ್ಟೆಂಬರ್ 28 ಅಲ್ಲ, ಆಗಸ್ಟ್ 9. ಕೆಲಸ ಸತತ 60 ದಿನ ನಿಂತುಹೋದರೂ ಕಾನೂನಿನ ಕಣ್ಣಿಗೆ ಅದು ಮುಗಿದ ಹಾಗೆಯೇ. ಅರ್ಧಕ್ಕೆ ನಿಂತ ಮನೆ ಮತ್ತೆ ಶುರುವಾಗಲಿ ಎಂದು ಕಾಯುವವರು ಇದನ್ನು ಮರೆಯಬಾರದು.

ಲೀನ್ ಪತ್ರದಲ್ಲಿ ಬಂದ ಹಣ, ಕೊಟ್ಟ ರಿಯಾಯಿತಿ ಎಲ್ಲ ಕಳೆದು ಉಳಿದ ಮೊತ್ತ, ಮಾಲೀಕರ ಹೆಸರು, ಒದಗಿಸಿದ್ದೇನು, ಯಾರಿಗೆ, ಆಸ್ತಿಯ ಗುರುತು ಇವನ್ನು ಬರೆದು, ಕಾನೂನು ಹೇಳಿದ ಎಚ್ಚರಿಕೆಯ ಒಕ್ಕಣೆಯನ್ನು ಸೇರಿಸಿ, ಪ್ರಮಾಣೀಕರಿಸಿ ಸಹಿ ಮಾಡಬೇಕು. ಅದರ ಪ್ರತಿಯನ್ನು ಮಾಲೀಕರಿಗೆ ತಲುಪಿಸಿ, ತಲುಪಿಸಿದ್ದಕ್ಕೆ ಪ್ರಮಾಣಪತ್ರ ಲಗತ್ತಿಸಿ, ಆಸ್ತಿ ಇರುವ ಕೌಂಟಿಯ (ನಮ್ಮ ಜಿಲ್ಲೆಯಂಥ ವಿಭಾಗದ) ರೆಕಾರ್ಡರ್ ಕಚೇರಿಯಲ್ಲಿ, ಎಂದರೆ ಆಸ್ತಿ ದಾಖಲೆಗಳ ಕಚೇರಿಯಲ್ಲಿ, ನೋಂದಾಯಿಸಬೇಕು. ಪ್ರತಿ ತಲುಪಿಸದ ಲೀನ್ ಜಾರಿಯಾಗುವುದಿಲ್ಲ. ಚೌಕಾಶಿಗೆ ಇರಲಿ ಎಂದು ಮೊತ್ತವನ್ನು ಉಬ್ಬಿಸುವುದೂ ಅಪಾಯ: ಮೋಸದ ಉದ್ದೇಶದಿಂದ ಹೆಚ್ಚು ಬರೆದದ್ದು ಸಾಬೀತಾದರೆ ಇಡೀ ಲೀನ್ ಬಿದ್ದುಹೋಗುತ್ತದೆ.

ನೋಂದಣಿಯಾದ ಮಾತ್ರಕ್ಕೆ ಹಣ ಕೈಗೆ ಬರುವುದಿಲ್ಲ. ನೋಂದಣಿಯಿಂದ 90 ದಿನಗಳೊಳಗೆ ದಾವೆ ಹೂಡಬೇಕು. ಆಗಸ್ಟ್ 5ಕ್ಕೆ ನೋಂದಾಯಿಸಿದ್ದರೆ ನವೆಂಬರ್ 3 ಕೊನೆಯ ದಿನ. ದಾವೆ ಹೂಡಿದ 20 ದಿನಗಳೊಳಗೆ ಲಿಸ್ ಪೆಂಡೆನ್ಸ್, ಎಂದರೆ ಆಸ್ತಿಯ ಮೇಲೆ ದಾವೆ ಇದೆ ಎಂಬ ಸೂಚನೆ, ದಾಖಲಾಗಬೇಕು. ಈ ಹಂತಕ್ಕೆ ವಕೀಲರಿಲ್ಲದೆ ಹೋಗುವುದು ಜಾಣತನವಲ್ಲ. ಮಾಲೀಕರು ಲೀನ್ ಮೊತ್ತದ ಶೇ 125ರಷ್ಟು ಬಾಂಡ್, ಎಂದರೆ ಜಾಮೀನು ಪತ್ರ, ನೋಂದಾಯಿಸಿ ಆಸ್ತಿಯನ್ನು ಬಿಡಿಸಿಕೊಳ್ಳಬಹುದು. ಆಗ ಹಕ್ಕು ಆ ಬಾಂಡಿನ ಮೇಲೆ ಮುಂದುವರಿಯುತ್ತದೆ. ಅವಧಿ ಮೀರಿದ ಲೀನನ್ನು ತೆಗೆಯದೆ ಬಿಟ್ಟರೆ ಮಾಲೀಕರು ಕೋರ್ಟಿಗೆ ಹೋಗಿ ಅದನ್ನು ತೆಗೆಸುವುದಲ್ಲದೆ ತಮ್ಮ ವಕೀಲರ ಶುಲ್ಕವನ್ನೂ ಲೀನ್ ಹಾಕಿದವರಿಂದಲೇ ವಸೂಲು ಮಾಡಬಹುದು. ಸರ್ಕಾರಿ ಶಾಲೆ, ರಸ್ತೆಯಂಥ ಕಾಮಗಾರಿಗಳಿಗೆ ಲೀನ್ ಇಲ್ಲವೇ ಇಲ್ಲ; ಅಲ್ಲಿ ಉಪಗುತ್ತಿಗೆದಾರರೂ ಪೂರೈಕೆದಾರರೂ ಸ್ಟಾಪ್ ಪೇಮೆಂಟ್ ನೋಟಿಸ್ (ಗುತ್ತಿಗೆದಾರನಿಗೆ ಕೊಡಬೇಕಾದ ಹಣವನ್ನು ತಡೆಹಿಡಿಯಿರಿ ಎಂಬ ಸೂಚನೆ) ಮತ್ತು ಪೇಮೆಂಟ್ ಬಾಂಡ್ (ಕೆಳಗಿನವರ ಬಾಕಿಗೆ ಇಟ್ಟ ಜಾಮೀನು) ಮೂಲಕವೇ ಬಾಕಿ ಕೇಳಬೇಕು.