ದುಬೈ ಡ್ಯೂಟಿಗೆ ಹೊರಟಾಗ ನಾನು ಬ್ಯಾಗ್ ತುಂಬಿದ ಬಗೆ

ನನ್ನ ಪ್ಯಾಕಿಂಗ್ ಒಂದು ಫೈಲಿನಿಂದ ಶುರುವಾಯಿತು. ಹೊರಡಲು ಇನ್ನೂ ಐದು ತಿಂಗಳಿತ್ತು. ಮಂಗಳೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿ ನರ್ಸ್ ಆಗಿ ನಾಲ್ಕು ವರ್ಷ ಕೆಲಸ ಮಾಡಿದ್ದೆ. ಅಲ್ಲಿನ ಲೈಸೆನ್ಸ್‌ಗೆ ಬೇಕಾದ ಪ್ರೊಮೆಟ್ರಿಕ್ ಪರೀಕ್ಷೆ ಪಾಸಾಗಿತ್ತು, ಸರ್ಟಿಫಿಕೇಟುಗಳು ಅಸಲಿಯೇ ಅಂತ ನೋಡುವ ಡೇಟಾಫ್ಲೋ ಪರಿಶೀಲನೆ ನಡೆಯುತ್ತಿತ್ತು. ಡಿಗ್ರಿ ಸರ್ಟಿಫಿಕೇಟನ್ನು ಅಟೆಸ್ಟೇಷನ್‌ಗೆ, ಅಂದರೆ ಸರ್ಕಾರಿ ದೃಢೀಕರಣಕ್ಕೆ, ಕೊಡೋಣ ಅಂತ ಬ್ರಹ್ಮಾವರದ ಮನೆಗೆ ಬಂದು ಕಪಾಟು ತೆಗೆದರೆ, ಅಪ್ಪ ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದರು.

ಅಪ್ಪನದ್ದು ತಪ್ಪು ಅನ್ನಲಾರೆ. ನಮ್ಮ ಕಡೆ ಆಟಿ ತಿಂಗಳ ಮಳೆಗೆ ಕಪಾಟಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ, ಅಲ್ವಾ? ಮಗಳ ಡಿಗ್ರಿ ಹಾಳಾಗಬಾರದು ಅಂತ ಅವರು ಹಾಗೆ ಮಾಡಿದ್ದು. ಆದರೆ ಅಟೆಸ್ಟೇಷನ್ ಸೀಲು ಬೀಳುವುದು ಒರಿಜಿನಲ್ ಕಾಗದದ ಹಿಂಬದಿಗೆ. ಮೊದಲು ರಾಜ್ಯ ಸರ್ಕಾರದ್ದು, ಆಮೇಲೆ ವಿದೇಶಾಂಗ ಸಚಿವಾಲಯದ್ದು, ಕೊನೆಗೆ ಯುಎಇ ರಾಯಭಾರ ಕಚೇರಿಯದ್ದು. ಪ್ಲಾಸ್ಟಿಕ್ ಮೇಲೆ ಅದು ಆಗುವುದಿಲ್ಲ. ಸ್ಟುಡಿಯೋದವರು ಬಿಸಿ ಮಾಡಿ ಬಿಡಿಸಿ ಕೊಡುತ್ತೇವೆ ಅಂದರು. ಕಾಗದ ಹರಿದು ಬಂದರೆ ಅಂತ ಹೆದರಿ ಬೇಡ ಅಂದೆ. ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ ಇನ್ನೊಂದು ಪ್ರತಿ ತರಿಸಿಕೊಂಡೆ. ಎರಡು ತಿಂಗಳು ಅದಕ್ಕೇ ಹೋಯಿತು. ನರ್ಸಿಂಗ್ ಓದುತ್ತಿರುವ ಮಕ್ಕಳಿದ್ದರೆ, ದಯವಿಟ್ಟು ಯಾವ ಸರ್ಟಿಫಿಕೇಟಿಗೂ ಲ್ಯಾಮಿನೇಷನ್ ಮಾಡಿಸಬೇಡಿ. ಜಿಪ್ ಇರುವ ಪ್ಲಾಸ್ಟಿಕ್ ಕವರ್ ಸಾಕು.

ಅದೇ ಫೈಲಿಗೆ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್, ಬಿಎಲ್‌ಎಸ್ (ತುರ್ತು ಜೀವರಕ್ಷಣೆಯ ತರಬೇತಿ) ಕಾರ್ಡ್, ಹೆಪಟೈಟಿಸ್ ಬಿ ಲಸಿಕೆಯ ದಾಖಲೆ, ಬಿಳಿ ಹಿನ್ನೆಲೆಯ ಹತ್ತು ಫೋಟೋ ಸೇರಿದವು. ಎಕ್ಸ್‌ಪೀರಿಯನ್ಸ್ ಲೆಟರ್‌ನಲ್ಲಿ ಯಾವ ವಾರ್ಡ್, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಅನ್ನುವುದನ್ನು ಬಿಡಿಸಿ ಬರೆಸಿಕೊಂಡಿದ್ದೆ. ಎಲ್ಲವನ್ನೂ ಸ್ಕ್ಯಾನ್ ಮಾಡಿ ನನ್ನ ಮೇಲ್‌ನಲ್ಲೂ ಅಕ್ಕನ ಫೋನಿನಲ್ಲೂ ಇಟ್ಟೆ.

ಇನ್ನು ಸೂಟ್‌ಕೇಸ್. ನನ್ನ ಟಿಕೆಟ್‌ಗೆ 30 ಕಿಲೋ ಇತ್ತು. ಅಮ್ಮ ಒಬ್ಬರೇ ಅಷ್ಟನ್ನೂ ತಿಂಡಿಯಲ್ಲೇ ತುಂಬಿಸುತ್ತಿದ್ದರು. ಗಸಿ ಅನ್ನುವ ನಮ್ಮ ಕಡೆಯ ಗಟ್ಟಿ ಸಾರಿಗೆ ಅಂತ ಹುರಿದು ಪುಡಿ ಮಾಡಿಟ್ಟ ಮಸಾಲೆ ಡಬ್ಬಿಯನ್ನು ತೆರೆದು ಮೂಸಿ, "ಇದಕ್ಕೆ ಗಸಗಸೆ ಹಾಕಿದ್ದೀರಾ?" ಅಂತ ಕೇಳಿದೆ. "ಒಂದು ಚಮಚ" ಅಂದರು. ಯುಎಇಯಲ್ಲಿ ಗಸಗಸೆ ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಒಂದು ಚಮಚವಾದರೂ ತೊಂದರೆಯೇ. ಅಮ್ಮ ಮಾತಾಡದೆ ಡಬ್ಬಿಯನ್ನು ಅಡುಗೆಮನೆಗೆ ವಾಪಸ್ ಇಟ್ಟು, ಮರುದಿನ ಬೇರೆ ಪುಡಿ ಮಾಡಿಕೊಟ್ಟರು. ಒಣ ಕೊಬ್ಬರಿಯನ್ನೂ ತೆಗೆಸಿದೆ. ಅದರ ಎಣ್ಣೆಗೆ ಬೆಂಕಿ ಹೊತ್ತಿಕೊಳ್ಳಬಹುದು ಅಂತ ವಿಮಾನದಲ್ಲಿ ಬಿಡುವುದಿಲ್ಲ. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಮಾತ್ರೆ ಅಲ್ಲಿ ನಿಯಂತ್ರಣದಲ್ಲಿರುವ ಔಷಧಿಗಳು. ನಾವು ನರ್ಸ್‌ಗಳು ಮನೆಯ ಮದ್ದಿನ ಡಬ್ಬಿಯನ್ನು ಹಾಗೇ ಎತ್ತಿ ಹಾಕಿಕೊಳ್ಳುತ್ತೇವಲ್ಲ, ಅದಕ್ಕೆ ಹೇಳಿದೆ. ಕುಚ್ಚಲಕ್ಕಿ ಎರಡೇ ಕಿಲೋ ತಗೊಂಡೆ. ದುಬೈಯ ಕರಾಮ ಏರಿಯಾದ ಅಂಗಡಿಗಳಲ್ಲಿ ಅದು ಸಿಗುತ್ತದೆ ಅಂತ ಸೀನಿಯರ್ ಸಿಸ್ಟರ್ ಒಬ್ಬರು ಮೊದಲೇ ಹೇಳಿದ್ದರು.

ಡ್ಯೂಟಿ ಶೂ ಹಂಪನಕಟ್ಟೆಯಲ್ಲಿ ಕೊಂಡು, ಒಂದು ತಿಂಗಳು ಇಲ್ಲೇ ನೈಟ್ ಡ್ಯೂಟಿಗೆ ಹಾಕಿ ಹದ ಮಾಡಿಕೊಂಡಿದ್ದೆ. ಹೊಸ ಶೂ ಹಾಕಿ ಹನ್ನೆರಡು ಗಂಟೆ ನಿಂತರೆ ಹಿಮ್ಮಡಿಗೆ ಬೊಬ್ಬೆ ಬಂದೇ ಬರುತ್ತದೆ. ದುಬೈ ಅಂದರೆ ಸೆಕೆ ಅಂದುಕೊಂಡಿದ್ದವಳಿಗೆ ಸ್ವೆಟರ್ ಹಾಕಿಕೋ ಅಂದದ್ದೂ ಅದೇ ಸಿಸ್ಟರ್. ವಾರ್ಡಿನ ಎಸಿಗೆ ಮೊದಲ ರಾತ್ರಿಯೇ ಅದು ಬೇಕಾಯಿತು.

ಕೈಬ್ಯಾಗಿನಲ್ಲಿ ಫೈಲು, ಸ್ಟೆಥೋಸ್ಕೋಪ್, ಪವರ್ ಬ್ಯಾಂಕ್, ಎದೆಗೆ ಸಿಕ್ಕಿಸುವ ವಾಚು, ಎರಡು ಜೊತೆ ಸ್ಕ್ರಬ್ಸ್ (ಡ್ಯೂಟಿ ಬಟ್ಟೆ), ಒಳ ಉಡುಪು, ತೆಳು ಟವೆಲ್, ಅಲ್ಲಿನ ಚೌಕ ಕಾಲಿನ ಪ್ಲಗ್‌ಗೆ ಒಂದು ಅಡಾಪ್ಟರ್. ಶೂ ಕಾಲಲ್ಲೇ ಇತ್ತು, ಸ್ವೆಟರ್ ಮೈಮೇಲಿತ್ತು. ಬ್ಯಾಂಡೇಜ್ ಕತ್ತರಿಯನ್ನು ಮಾತ್ರ ಸೂಟ್‌ಕೇಸ್‌ಗೆ ಹಾಕಿದೆ. ಕೈಬ್ಯಾಗಿನಲ್ಲಿದ್ದರೆ ಬಜ್ಪೆ ವಿಮಾನ ನಿಲ್ದಾಣದ ಸೆಕ್ಯುರಿಟಿಯಲ್ಲೇ ತೆಗೆದಿಡುತ್ತಾರೆ.

ದುಬೈಯಲ್ಲಿ ಇಳಿದೆ. ಬೆಲ್ಟ್ ಸುತ್ತಿ ಸುತ್ತಿ ನಿಂತಿತು. ನನ್ನ ಸೂಟ್‌ಕೇಸ್ ಬರಲಿಲ್ಲ. ಕೈಕಾಲು ತಣ್ಣಗಾಯಿತು. ಮರುದಿನ ಬೆಳಿಗ್ಗೆ ಏಳಕ್ಕೆ ಓರಿಯೆಂಟೇಷನ್. ದೂರು ಬರೆಸಿ, ಚೀಟಿ ತಗೊಂಡು, ಹಾಸ್ಟೆಲ್‌ಗೆ ಹೋಗಿ ಕೈಬ್ಯಾಗ್ ಹಾಸಿಗೆ ಮೇಲೆ ಸುರಿದೆ. ಬೇಕಾದ್ದೆಲ್ಲ ಅಲ್ಲಿತ್ತು. ಒಂದು ಸ್ಕ್ರಬ್ಸ್ ಒಗೆದು ಫ್ಯಾನಿನ ಕೆಳಗೆ ಹರಡಿ, ಇನ್ನೊಂದು ಹಾಕಿ ಮೂರು ದಿನ ಕಳೆದೆ. ಎಚ್‌ಆರ್‌ನವರು ಒರಿಜಿನಲ್ ಕೇಳಿದಾಗ ಫೈಲು ಮೇಜಿನ ಮೇಲಿಟ್ಟೆ. ಅದು ಸೂಟ್‌ಕೇಸಿನಲ್ಲಿದ್ದಿದ್ದರೆ ಅಂತ ನೆನೆಸಿದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ವಾಟ್ಸಾಪ್ ಮೆಸೇಜ್ ಅಲ್ಲಿಗೆ ಬರುತ್ತದೆ, ಕಾಲ್ ಹೋಗುವುದಿಲ್ಲ. ಹೊರಡುವ ವಾರವೇ ಅಮ್ಮನ ಫೋನಿಗೆ ಬಾಟಿಮ್ ಅನ್ನುವ ಕಾಲಿಂಗ್ ಆ್ಯಪ್ ಹಾಕಿ, ಹೇಗೆ ಎತ್ತುವುದು ಅಂತ ಮೂರು ಸಲ ಮಾಡಿಸಿದ್ದೆ. ಸೂಟ್‌ಕೇಸ್ ಬಂದ ರಾತ್ರಿ ಕುಚ್ಚಲಕ್ಕಿ ಗಂಜಿ ಮಾಡಿ, ಮಿಡಿ ಉಪ್ಪಿನಕಾಯಿ ಹಾಕಿಕೊಂಡು ಬಟ್ಟಲನ್ನು ಕ್ಯಾಮೆರಾ ಎದುರು ಹಿಡಿದೆ. ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇನ್ನೊಂದು ಮಿಡಿ ಹಾಕಿಕೋ ಮಗಾ" ಅಂದರು.