ಮೇಲ್‌ನಲ್ಲಿ ಬಂದ ಫೈಲಿನ ಬಾಲ ನೋಡಿ, ಆಮೇಲೆ ತೆರೆಯಿರಿ

ನಾನು ಡೊಂಬಿವ್ಲಿಯವಳು. ಮುಂಬೈಯ ಮಾಟುಂಗದ ಮೂರು ಉಡುಪಿ ಹೋಟೆಲ್‌ಗಳ ಲೆಕ್ಕ ಬರೆಯುತ್ತೇನೆ. ಒಂದು ಮಾರ್ಚ್ ಕೊನೆಯಲ್ಲಿ, ನಮಗೆ ತೆಂಗಿನಕಾಯಿ ಹಾಕುವವರ ಐಡಿಯಿಂದಲೇ ಒಂದು ಮೇಲ್ ಬಂತು. ಜಿಪ್ ಫೈಲು. ಪಾಸ್‌ವರ್ಡ್ 1234 ಅಂತ ಅದೇ ಮೇಲ್‌ನಲ್ಲಿ ಬರೆದಿತ್ತು. ಒಳಗಿದ್ದ ಬಿಲ್ಲಿಗೆ ಪಿಡಿಎಫ್‌ನ ಕೆಂಪು ಗುರುತು. ಡಬಲ್ ಕ್ಲಿಕ್ ಮಾಡಿದೆ, ಏನೂ ತೆರೆಯಲಿಲ್ಲ. ಊಟ ಮಾಡಿ ಬರುವಷ್ಟರಲ್ಲಿ ಎಕ್ಸೆಲ್ ಫೈಲುಗಳೆಲ್ಲ ಲಾಕ್ ಆಗಿದ್ದವು. ಬಿಡಿಸಲು ದುಡ್ಡು ಕೊಡಿ ಅಂತ ಸ್ಕ್ರೀನ್ ಮೇಲೆ ಒಂದು ಚೀಟಿ. ನಾವು ಕೊಡಲಿಲ್ಲ. ಕೊಟ್ಟರೂ ಫೈಲು ವಾಪಸ್ ಸಿಗುತ್ತದೆ ಅಂತ ಏನು ಗ್ಯಾರಂಟಿ? ಗಲ್ಲಾದ ಪಕ್ಕ ತಂತಿಗೆ ಚುಚ್ಚಿಟ್ಟಿದ್ದ ಬಿಲ್ಲುಗಳನ್ನು ಒಂದೊಂದಾಗಿ ಬಿಡಿಸಿ, ಎಣ್ಣೆ ಕಲೆಯ ಕೆಳಗಿನ ಅಂಕಿ ಓದುತ್ತಾ ಮೇ ತಿಂಗಳವರೆಗೆ ಟೈಪ್ ಮಾಡಿದೆವು.

ಆ ಫೈಲಿನ ನಿಜವಾದ ಹೆಸರು ಪಿಡಿಎಫ್ ಆದಮೇಲೂ ಮುಗಿದಿರಲಿಲ್ಲ. ಕೊನೆಯಲ್ಲಿ ಡಾಟ್ ಇಎಕ್ಸ್‌ಇ ಇತ್ತು. ಅಂದರೆ ಅದು ಬಿಲ್ಲಲ್ಲ, ಪ್ರೋಗ್ರಾಂ. ವಿಂಡೋಸ್ ಈ ಬಾಲವನ್ನು ಸಾಮಾನ್ಯವಾಗಿ ಮುಚ್ಚಿಡುತ್ತದೆ. 2000ರ ಮೇ ತಿಂಗಳಲ್ಲಿ ಲೋಕವೆಲ್ಲಾ ಹರಡಿದ ‘ಐ ಲವ್ ಯೂ’ ವೈರಸ್ ಕೂಡ ಹೀಗೇ ಬಂದಿತ್ತು: ನೋಡಲು ಟೆಕ್ಸ್ಟ್ ಫೈಲು, ಬಾಲದಲ್ಲಿ ವಿಬಿಎಸ್, ಅಂದರೆ ಅದೂ ಒಂದು ಥರದ ಪ್ರೋಗ್ರಾಂ.

ಹಾಗಾಗಿ ಇವತ್ತೇ ಒಂದು ಕೆಲಸ ಮಾಡಿ. ವಿಂಡೋಸ್ 11 ಇದ್ದರೆ ಫೈಲ್ ಎಕ್ಸ್‌ಪ್ಲೋರರ್ ತೆರೆದು ವ್ಯೂ, ಶೋ, ಆಮೇಲೆ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಒತ್ತಿ. ಇನ್ನು ಬಾಲ ಕಾಣುತ್ತದೆ. ಇಎಕ್ಸ್‌ಇ, ವಿಬಿಎಸ್, ಜೆಎಸ್, ಎಸ್‌ಸಿಆರ್ ಅಂತಿದ್ದರೆ ಮುಟ್ಟಲೇಬೇಡಿ.

ಪಾಸ್‌ವರ್ಡನ್ನೂ ಜೊತೆಗೇ ಕಳಿಸಿದ ಜಿಪ್ ಬಂದರೆ ಜಾಸ್ತಿ ಅನುಮಾನ ಪಡಿ. ಬೀಗ ಹಾಕಿದ ಜಿಪ್‌ನ ಒಳಗೆ ಏನಿದೆ ಅಂತ ಮೇಲ್‌ನ ವೈರಸ್ ಸ್ಕ್ಯಾನರಿಗೆ ಕಾಣುವುದಿಲ್ಲ. ಅದಕ್ಕೇ ಆ ಬೀಗ. ವರ್ಡ್, ಎಕ್ಸೆಲ್ ಫೈಲು ‘ಎನೇಬಲ್ ಕಂಟೆಂಟ್’ ಒತ್ತಿ ಅಂತ ಕೇಳಿದರೆ ಒತ್ತಬೇಡಿ. ಬಿಲ್ಲು ಓದಲು ಅದು ಬೇಕಾಗಿಯೇ ಇಲ್ಲ.

ಗುರುತಿನವರ ಐಡಿ ಅಲ್ವಾ ಅಂತ ನಂಬಿದ್ದೇ ನನ್ನ ತಪ್ಪು. ಅವರ ಮೇಲ್ ಬೇರೆಯವರ ಕೈಗೆ ಸಿಕ್ಕಿತ್ತು. ಈಗ ಅನುಮಾನ ಬಂದರೆ ಫೋನ್ ಮಾಡುತ್ತೇನೆ. ಮೇಲ್‌ನಲ್ಲಿರುವ ನಂಬರಿಗಲ್ಲ, ನನ್ನ ಡೈರಿಯಲ್ಲಿರುವ ಹಳೇ ನಂಬರಿಗೆ. ‘ಅಣ್ಣಾ, ಬಿಲ್ಲು ಕಳಿಸಿದ್ದೀರಾ?’ ಅರ್ಧ ನಿಮಿಷದ ಮಾತು.

ಅಪ್‌ಡೇಟ್ ಮುಂದೂಡಬೇಡಿ, ಆಂಟಿವೈರಸ್ ಆಫ್ ಮಾಡಬೇಡಿ. ಬ್ಯಾಕಪ್ಪಂತೂ ಬೇಕೇ ಬೇಕು. ನಾನು ಪ್ರತಿ ಶನಿವಾರ ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ, ಕೇಬಲ್ ಕಿತ್ತು ಕಪಾಟಿನಲ್ಲಿಡುತ್ತೇನೆ. ಚುಚ್ಚಿಯೇ ಬಿಟ್ಟರೆ ವೈರಸ್ ಅದನ್ನೂ ಲಾಕ್ ಮಾಡೀತು.

ಒಂದು ವೇಳೆ ಕ್ಲಿಕ್ ಮಾಡಿಬಿಟ್ಟಿರಾ? ಕೂಡಲೇ ವೈಫೈ ಆಫ್ ಮಾಡಿ, ನೆಟ್ ಕೇಬಲ್ ಕೀಳಿ. ಪಕ್ಕದ ಕಂಪ್ಯೂಟರಿಗೆ ಹರಡದಿರಲಿ. ಬೇರೆ ಫೋನಿನಿಂದ ಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲಾಯಿಸಿ. ಖಾತೆಯಿಂದ ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆಮೇಲೆ ಮೇಲ್ ಕಳಿಸಿದವರಿಗೂ ತಿಳಿಸಿ, ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ.